ಬುತ್ತಿಗಂಟು ಬಿಚ್ಚಿಸಿದವನ ಮೇಜು

ಇಸ್ಪೀಟ್ ಎಲೆ ಆಡಿ ಹೊಟ್ಟೆ ಹೊರೆಯಲು ಆಗುತ್ತದೆಯೇ ಎಂದು ಈಗಲೂ ಕೆಲವರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ. ಆಗುತ್ತದೆ. ಒಂದು ವರ್ಷ ಎರಡು ತಿಂಗಳು ನಾನು ಹಾಗೆಯೇ ಬದುಕಿದ್ದೇನೆ. ಆ ವರ್ಷದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಗುಮಾಸ್ತನ ಕೆಲಸದಷ್ಟೇ ಬೇಸರದ್ದು. ನಾನು ಹೇಳಬೇಕೆಂದಿರುವುದು ಅದರ ನಂತರದ ಒಂಬತ್ತು ಭಾನುವಾರಗಳ ಸಂಗತಿ. ಆ ಒಂಬತ್ತು ಭಾನುವಾರ ನಾನು ತಿಕೋಟಾದ ಒಬ್ಬ ಸಾವಕಾರನನ್ನು ಮಣ್ಣುಮುಕ್ಕಿಸಬೇಕೆಂದೇ ಆಡಿದೆ.

ಸಾವಕಾರ ಒಣದ್ರಾಕ್ಷಿ ವ್ಯಾಪಾರಿ. ನನ್ನ ಅಪ್ಪ ಅವನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಹೆಂಗಸರು ಆರಿಸಿ ಹಾಕಿದ ದ್ರಾಕ್ಷಿಯನ್ನು ಬೊಗಸೆಯಲ್ಲಿ ಹಿಡಿದು, ಇದು ಒಂದನೇ ನಂಬರು, ಇದು ಎರಡನೇದು ಎಂದು ಹೇಳುವುದು ಅವನ ಕೆಲಸ. ಆರು ವರ್ಷದ ಹಿಂದೆ ಒಂದನೇ ನಂಬರಿನ ಪೆಟ್ಟಿಗೆಗಳಲ್ಲಿ ಎರಡನೇ ನಂಬರಿನ ಮಾಲು ಹೋಗಿ ಗಿರಾಕಿ ವಾಪಸು ಕಳಿಸಿದ. ಒಳ್ಳೆಯ ಮಾಲನ್ನು ಶೆಡ್ಡಿನವರೇ ಯಾರೋ ಕದ್ದಿದ್ದಾರೆ ಎಂದಾಯಿತು. ಅವತ್ತು ಮಧ್ಯಾಹ್ನ, ನಲವತ್ತು ಹೆಂಗಸರು ಉಣ್ಣಲು ಕುಳಿತಿದ್ದಾಗ, ಸಾವಕಾರ ನಡುಮಧ್ಯೆ ಬಂದು ನಿಂತು ಅಪ್ಪನ ಬುತ್ತಿಗಂಟು ಬಿಚ್ಚಿಸಿದ. ಅದರಲ್ಲಿದ್ದದ್ದು ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ಸಾವಕಾರ ಆ ಉಳ್ಳಾಗಡ್ಡಿಯನ್ನು ಒಂದು ಬೆರಳಿನಿಂದ ಹೊರಳಿಸಿ ನೋಡಿ, "ಹ್ಞೂಂ" ಎಂದು ಹೊರಟುಹೋದ. ಕದ್ದಾನ ಅಂತಲೂ ಹೇಳಲಿಲ್ಲ, ಕದ್ದಿಲ್ಲ ಅಂತಲೂ ಹೇಳಲಿಲ್ಲ. ಆ ಒಂದು ಹ್ಞೂಂಕಾರಕ್ಕೆ ತಿಕೋಟಾದ ಯಾವ ಶೆಡ್ಡಿನಲ್ಲೂ ಅಪ್ಪನಿಗೆ ಮತ್ತೆ ಕೆಲಸ ಸಿಗಲಿಲ್ಲ.

ಆಗ ನಾನು ಸೊಲ್ಲಾಪುರದ ಒಂದು ಗೋದಾಮಿನಲ್ಲಿದ್ದೆ. ವಿಷಯ ತಿಳಿದು ಬಬಲೇಶ್ವರದ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಏನು ಕೇಳಿದರೂ ಒಂದೇ ಮಾತು: "ಅವಾ ಮಾತಾಡಿದ್ದರಾಗ ನನಗ ತಿಳೀತು. ಇನ್ನ ಅಲ್ಲಿ ಹೋಗೂದಿಲ್ಲ." ಅವಮಾನವಾಗಿ ಹಾಗೆ ಹೇಳುತ್ತಾನೆ ಎಂದುಕೊಂಡು ನಾವು ಸುಮ್ಮನಾದೆವು. ಆ ದಿನದಿಂದ ಅಪ್ಪ ಬುತ್ತಿ ಕಟ್ಟಿಸಿಕೊಂಡಿಲ್ಲ. ಮಂದಿಯ ಹೊಲಕ್ಕೆ ಕೂಲಿಗೆ ಹೋದರೂ ಮಧ್ಯಾಹ್ನ ಬಿಸಿಲಲ್ಲಿ ನಡೆದು ಮನೆಗೆ ಬಂದು, ಉಂಡು, ಮತ್ತೆ ನಡೆದು ಹೋಗುತ್ತಾನೆ. ಅವನು ಹಾಗೆ ಬರುವುದನ್ನು ನೋಡಿದಾಗಲೆಲ್ಲ ನನಗೆ ಸಾವಕಾರನ ಆ ಬೆರಳು ನೆನಪಾಗುತ್ತಿತ್ತು. ನಾನದನ್ನು ಕಣ್ಣಾರೆ ಕಂಡಿರಲಿಲ್ಲ, ಆದರೂ ಮುರಿಯಬೇಕು ಎನಿಸುತ್ತಿತ್ತು.

ಗೋದಾಮಿನ ಕೆಲಸ ಹೋದ ಮೇಲೆ ನಾನು ಫೋನಿನಲ್ಲಿ ಪೋಕರ್ ಆಡುವುದನ್ನು ಕಲಿತೆ. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಪ್ರತಿಯೊಬ್ಬನ ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಐದು ಎಲೆ. ಏಳರಲ್ಲಿ ಒಳ್ಳೆಯ ಐದು ಯಾರವೋ ಅವನು ಗೆದ್ದ. ಆದರೆ ಒಳ್ಳೆಯ ಎಲೆ ಇಲ್ಲದವನೂ ದೊಡ್ಡ ಹಣ ಮುಂದೆ ತಳ್ಳಿ, ಇದೆ ಎಂದು ನಂಬಿಸಿ, ಎದುರಿನವರು ಎಲೆ ಬಿಟ್ಟುಕೊಡುವಂತೆ ಮಾಡಿ ಗೆಲ್ಲಬಹುದು, ಅದಕ್ಕೆ ಬ್ಲಫ್ ಎನ್ನುತ್ತಾರೆ. ನನ್ನ ನಿಯಮಗಳು ಮೂರೇ ಇದ್ದವು. ನೂರು ಸಲ ಎಲೆ ಬಂದರೆ ಎಂಬತ್ತು ಸಲ ಆಡದೆ ಬಿಡುವುದು. ಆಟದ ಹಣಕ್ಕೂ ಮನೆಯ ಹಣಕ್ಕೂ ಬೇರೆ ಬೇರೆ ಖಾತೆ. ಸಿಟ್ಟು ಬಂದ ದಿನ ಫೋನು ಮುಟ್ಟದಿರುವುದು. ನನ್ನ ಹೆಂಡತಿ ಅದಕ್ಕೆ ನಾಲ್ಕನೆಯದನ್ನು ಸೇರಿಸಿದಳು. ಅವಳು ಮಮದಾಪುರದವಳು, ಮನೆಯಲ್ಲೇ ಕುಬಸ ಹೊಲಿಯುತ್ತಾಳೆ.

"ನನ್ನ ಹೊಲಿಗಿ ಮಷಿನ್ನಾ, ಮಾವನ ಕಿವಿ, ಇವೆರಡಕ್ಕ ನಿಮ್ಮ ಆಟ ಮುಟ್ಟಬಾರ್ದು ನೋಡ್ರಿ," ಎಂದಳು.

ಮುಟ್ಟಲಿಲ್ಲ. ನಾನು ಫೋನಿನಲ್ಲಿ ಕಂಪನಿಯ ಕೆಲಸ ಮಾಡುತ್ತೇನೆ ಎಂದೇ ಅಪ್ಪ ತಿಳಿದಿದ್ದ. ಆಮೇಲೆ ಕಾನೂನು ಬಂತು. ಹಣದ ಆಟದ ಆ್ಯಪ್‌ಗಳು ಒಂದಾದ ಮೇಲೊಂದು ಮುಚ್ಚಿದವು. ಒಂದು ಬೆಳಿಗ್ಗೆ ನನ್ನ ಕಸುಬು ನನ್ನ ಫೋನಿನಲ್ಲಿ ತೆರೆಯಲೇ ಇಲ್ಲ.

ಆ ವಾರ ವಿಜಯಪುರದ ಗಾಂಧಿ ಚೌಕದ ಒಂದು ಬಟ್ಟೆ ಅಂಗಡಿಗೆ ಅಸ್ತರಿನ ಬಟ್ಟೆ ತರಲು ಹೋಗಿದ್ದೆ. ಅಂಗಡಿಯ ಚಾಚಾನಿಗೆ ಅರವತ್ತು ದಾಟಿದೆ. ಎಲೆ ಎಂದರೆ ಜೀವ ಬಿಡುವ ಮನುಷ್ಯ, ಈ ಚಟಕ್ಕೆ ಮನೆಯಲ್ಲಿ ಇಂದಿಗೂ ಬೈಸಿಕೊಳ್ಳುತ್ತಾನೆ. ನನ್ನ ಮುಖ ನೋಡಿ ಕಾರಣ ಕೇಳಿದ. ಹೇಳಿದೆ.

"ತಿಕೋಟಾದಾಗ ಒಂದು ಮೇಜು ಐತಿ. ಐತವಾರ ಹನ್ನೊಂದಕ್ಕ ಕುಂತು ನಾಕಕ್ಕ ಏಳ್ತೀವಿ. ಮೊದಲ ಮೂರೆಲಿ ಆಡ್ತಿದ್ವಿ, ಈಗ ಎಲ್ಲಾರೂ ನಿನ್ನ ಈ ಪೋಕರ್ ಕಲ್ತಾರ," ಎಂದ. ಯಾರ ಜಾಗದಲ್ಲಿ ಎಂದು ಕೇಳಿದೆ. ಸಾವಕಾರನ ಹೆಸರು ಹೇಳಿದ.

ಹಣ ಇಟ್ಟು ಆಡುವುದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಸಮರ್ಥಿಸಿಕೊಳ್ಳುವುದಿಲ್ಲ. ಆ ಹೆಸರು ಕೇಳಿದ ಮೇಲೆ ಬೇರೆ ಏನೂ ಯೋಚಿಸಲಿಲ್ಲ ಎನ್ನುವುದೇ ಸತ್ಯ. ಆ ನಲವತ್ತು ಹೆಂಗಸರ ಮುಂದೆಯೇ ಆ ಮನುಷ್ಯ ಬಾಯಿ ಬಿಟ್ಟು, ಆ ಮುದುಕ ಕದ್ದಿರಲಿಲ್ಲ ಎಂದು ಹೇಳಬೇಕು. ನನಗೆ ಬೇಕಾದದ್ದು ಅಷ್ಟೇ. ಮಾತಿನಿಂದ ಅದು ಬರುವುದಿಲ್ಲ. ಅವನು ಸೋತು ಕೈಚೆಲ್ಲಿ ಕುಳಿತಾಗ ಬರಬಹುದು ಎಂದುಕೊಂಡೆ.

ಮೇಜು ಇದ್ದದ್ದು ಅದೇ ಶೆಡ್ಡಿನ ಮಾಳಿಗೆಯ ಮೇಲೆ. ಒಂದು ಕಡೆ ಗಾಜಿನ ಕಿಟಕಿ, ಕೆಳಗೆ ಹೆಂಗಸರು ದ್ರಾಕ್ಷಿ ಆರಿಸುವುದು ಕಾಣುತ್ತಿತ್ತು. ಹಂಗಾಮಿನಲ್ಲಿ ಅವರಿಗೆ ಭಾನುವಾರವೂ ರಜೆ ಇಲ್ಲ. ಮೇಜಿನಲ್ಲಿ ನನ್ನನ್ನು ಬಿಟ್ಟು ಆರು ಜನ. ನೋಟು ಕಾಣಬಾರದೆಂದು ಚಾಚಾ ತನ್ನ ಅಂಗಡಿಯ ಗುಂಡಿಗಳನ್ನು ತರುತ್ತಿದ್ದ. ಅಂಗಿಯ ಬಿಳಿ ಗುಂಡಿಗೆ ಒಂದು ಬೆಲೆ, ಕೋಟಿನ ಕರಿ ಗುಂಡಿಗೆ ಅದರ ಹತ್ತು ಪಟ್ಟು. ಸಾವಕಾರನ ಎಡಗಡೆ ಒಣದ್ರಾಕ್ಷಿಯ ಬಟ್ಟಲು, ಯಾರಿಗೂ ಬೇಕೇನು ಎನ್ನುತ್ತಿರಲಿಲ್ಲ. ನನಗೆ ಮೊದಲ ಅರ್ಧ ತಾಸು "ಬರ್ರಿ, ಕುಂಡರ್ರಿ" ಆಯಿತು. ಆಮೇಲೆ ಎಲ್ಲರಿಗೂ ಅಂದಂತೆ ನನಗೂ "ಲೇ".

ನಾನು ಯಾರ ಮಗ ಎಂದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗುವ ಸಂಭವವೂ ಇರಲಿಲ್ಲ. ದುಡಿಯುವವನಿಗೆ ಮಕ್ಕಳಿದ್ದಾರೋ ಇಲ್ಲವೋ ಎಂದು ಕೇಳುವ ಜಾತಿಯ ಮನುಷ್ಯನಲ್ಲ ಅವನು.

ಮೊದಲ ಮೂರು ಭಾನುವಾರ ಸೋತೆ. ಎಲೆ ಕೆಟ್ಟಿರಲಿಲ್ಲ, ನನ್ನ ತಲೆ ಕೆಟ್ಟಿತ್ತು. ಬೇರೆ ಐವರ ಮುಂದೆ ನಾನು ಕಲಿತಂತೆ ಆಡುತ್ತಿದ್ದೆ, ಸಾವಕಾರ ಗುಂಡಿ ಮುಂದೆ ತಳ್ಳಿದ ಕೂಡಲೇ ನನ್ನ ಮೂರು ನಿಯಮಗಳೂ ಗಾಳಿಗೆ ಹೋಗುತ್ತಿದ್ದವು. ಇವನು ಗೆಲ್ಲಬಾರದು ಎನ್ನುವುದೊಂದೇ ಮನಸ್ಸಿನಲ್ಲಿ. ಮೂರನೇ ಭಾನುವಾರ ನನ್ನ ಕೈಯಲ್ಲಿ ಬರೀ ಒಂದು ಎಕ್ಕ, ಅದಕ್ಕೆ ಜೋಡಿಯೂ ಇಲ್ಲ. ಅವನು ದೊಡ್ಡ ರಾಶಿ ತಳ್ಳಿ, "ಲೇ, ಬರ್ತೀಯೋ ಇಲ್ಲೋ? ಇಲ್ಲಂದ್ರ ಎದ್ದು ಹೋಗಲೇ," ಎಂದ. ಹೋದೆ, ನನ್ನ ಗುಂಡಿ ತಳ್ಳಿ ಅವನ ಮೇಲೇ ಹೋದೆ. ಅವನು ಮೂರು ಏಳು ತೋರಿಸಿದ.

"ಯಾರಲೇ ನಿನಗ ಕಲಿಸಿದಾಂವ? ಅವನ್ನ ಕರ್ಕೊಂಡ ಬಾ, ಅವನೂ ಕಳಕೊಂಡು ಹೋಗಲಿ," ಎಂದು ನಕ್ಕ. ಎಲ್ಲರೂ ನಕ್ಕರು. ಕೆಳಗೆ ಹೆಂಗಸರು ತಲೆ ಎತ್ತಿ ನೋಡಿದರು.

ವಿಜಯಪುರದ ಬಸ್ಸಿನಲ್ಲಿ ಚಾಚಾ ನನ್ನ ಪಕ್ಕ ಕುಳಿತ.

"ನೀ ಎಲಿ ಆಡಾಕತ್ತಿಲ್ಲ. ಅವನ ಕೂಡ ಜಗಳಾ ಆಡಾಕತ್ತಿ. ಏನೈತಿ ಹೇಳು."

ಹೇಳಿದೆ. ರೊಟ್ಟಿ, ಉಳ್ಳಾಗಡ್ಡಿ, ಬೆರಳು, ಎಲ್ಲ. ಚಾಚಾ ನನ್ನ ಕಡೆ ತಿರುಗಿದ.

"ಸಿಟ್ಟಿನಾಗ ಕೊಯ್ಕೊಂಡ ಮೂಗು ಶಾಂತ ಆದ ಮ್ಯಾಲ ಬರ್ತೈತೇನಪಾ? ಮೂರು ವಾರ ನಿನ್ನ ಮೂಗ ನೀನ ಕೊಯ್ಕೊಂಡಿ. ಇನ್ನ ಸಾಕು ಮಾಡು. ಇಲ್ಲಾ, ಕಸಬುದಾರ ಆಡಿದಂಗ ಆಡು."

ನಾಲ್ಕನೇ ಭಾನುವಾರದಿಂದ ಕಸುಬಿನಂತೆ ಆಡಿದೆ. ಸಾವಕಾರನ ಎದುರು ಹೆಚ್ಚಾಗಿ ಬಿಟ್ಟುಕೊಟ್ಟೆ, ಬೇರೆಯವರಿಂದ ಸ್ವಲ್ಪ ಸ್ವಲ್ಪ ವಾಪಸು ತಂದೆ. ತಿಕೋಟಾದಿಂದ ಬರುವ ಬಸ್ಸಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅವನ ಪ್ರತಿಯೊಂದು ಆಟ ಬರೆಯತೊಡಗಿದೆ. ಎಷ್ಟು ತಳ್ಳಿದ, ಎಷ್ಟು ಹೊತ್ತು ಯೋಚಿಸಿದ, ಕಣ್ಣು ಎಲ್ಲಿತ್ತು, ದ್ರಾಕ್ಷಿ ಬಾಯಿಗೆ ಹಾಕಿಕೊಂಡನೋ ಇಲ್ಲವೋ, ಕೊನೆಗೆ ತೋರಿಸಿದ ಎಲೆ ಯಾವುದು. ಅವನಲ್ಲೊಂದು ಜಂಬವಿತ್ತು, ನನಗೆ ಅನುಕೂಲವಾದದ್ದು ಅದೇ. ಬ್ಲಫ್ ಮಾಡಿ ಗೆದ್ದರೆ ಸುಮ್ಮನಿರುತ್ತಿರಲಿಲ್ಲ, ತನ್ನ ಕೆಟ್ಟ ಎಲೆಗಳನ್ನು ಎಲ್ಲರ ಮೂಗಿನ ಕೆಳಗೆ ಹಿಡಿದು ತೋರಿಸುತ್ತಿದ್ದ. ಹಾಗಾಗಿ ಯಾವಾಗ ಸುಳ್ಳು, ಯಾವಾಗ ಖರೆ ಎಂಬ ಲೆಕ್ಕ ನನಗೆ ಪೂರ್ತಿ ಸಿಗುತ್ತಿತ್ತು.

ಆದರೆ ಲೆಕ್ಕದಲ್ಲಿ ಏನೂ ಕಾಣಲಿಲ್ಲ. ಬೆರಳು ನಡುಗುವುದಿಲ್ಲ. ಉಸಿರು ಬದಲಾಗುವುದಿಲ್ಲ. ದ್ರಾಕ್ಷಿ ಸುಳ್ಳಿಗೂ ತಿನ್ನುತ್ತಾನೆ, ಖರೆಗೂ ತಿನ್ನುತ್ತಾನೆ. ಬೇರೇನೂ ತೋಚದೆ ಐದನೇ ಭಾನುವಾರದಿಂದ ಅವನ ಮಾತನ್ನೂ ಬರೆದುಕೊಂಡೆ.

ಆ ಬುಧವಾರ ಮಧ್ಯಾಹ್ನ ಹೆಂಡತಿ ಕುಬಸಕ್ಕೆ ಹುಕ್ಕು ಹಚ್ಚುತ್ತಿದ್ದಳು. ನಾನು ನೋಟ್‌ಬುಕ್ಕು ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದೆ.

"ಓದಿ ಹೇಳ್ರಿ, ನನಗೂ ಬ್ಯಾಸರಾಗೈತಿ," ಎಂದಳು.

ಓದಿದೆ. "ಎರಡು ರಾಜ ಇದ್ದವು. 'ಲೇ, ಹಾಕಲೇ ಮುಂದ' ಅಂದ. ಕೈಯಾಗ ಏನೂ ಇರಲಿಲ್ಲ. 'ವಿಚಾರ ಮಾಡ್ರಿ, ಅವಸರ ಇಲ್ಲರಿ' ಅಂದ. ಮೂರು ಗುಲಾಮ. 'ಏನಲೇ ಮಾರಿ ನೋಡ್ತಿ' ಅಂದ. ಏನೂ ಇರಲಿಲ್ಲ. 'ನಿಮಗ ಯಾಕ ತ್ರಾಸರಿ, ಬಿಟ್ಟ ಬಿಡ್ರಿ' ಅಂದ."

ಅವಳ ಸೂಜಿ ನಿಂತಿತು.

"ಏನೂ ಇಲ್ಲದಾಗ ರಿ ಅಂತಾನಲ್ರಿ ಅಂವಾ."

ಮತ್ತೆ ಓದಿದೆ. ನಮ್ಮ ಕಡೆ 'ರಿ' ಎನ್ನುವುದು ಕುಡಿಯುವ ನೀರಿದ್ದ ಹಾಗೆ. ನಾಯಿಯನ್ನು ಓಡಿಸುವಾಗಲೂ ಕೆಲವರು ರಿ ಅನ್ನುತ್ತಾರೆ. ಕಿವಿಗೆ ಬಿದ್ದರೂ ಬಿದ್ದದ್ದು ತಿಳಿಯುವುದಿಲ್ಲ. ನಾನೇ ಕೈಯಾರೆ ಬರೆದಿದ್ದೆ, ನನಗೇ ಕಂಡಿರಲಿಲ್ಲ.

"ಹಂಗ್ಯಾಕ ಮಾಡ್ತಾನ?" ಎಂದೆ.

"ಯಾಪಾರದಾಂವ ಅಲ್ಲೇನ್ರಿ? ಚೊಲೋ ಮಾಲಿದ್ರ 'ಬೇಕಾದ್ರ ತೊಗೊ, ಇಲ್ಲಂದ್ರ ಬಿಡು' ಅಂತಾರ. ಬಣ್ಣಾ ಹೋಗೂ ಅರಿವಿ ದಾಟಿಸಬೇಕಂದ್ರ 'ಬರ್ರಿ ಅಕ್ಕಾರ, ಕುಂಡರ್ರಿ, ಚಾ ಕುಡೀರಿ' ಅಂತಾರ. ನನ್ನ ಕೇಳ್ರಿ," ಎಂದು ಮತ್ತೆ ಹುಕ್ಕು ಹಚ್ಚತೊಡಗಿದಳು.

ಆರನೇ, ಏಳನೇ ಭಾನುವಾರ ಪರೀಕ್ಷೆ ಮಾಡಿದೆ. ಮೇಜಿನಲ್ಲಿ ಒಬ್ಬ ಎಂಜಿನಿಯರ್ ಸಾಹೇಬರಿದ್ದರು. ಸಾವಕಾರನಿಗೆ ಅವರಿಂದ ಕೆಲಸ ಆಗಬೇಕಿದ್ದರಿಂದ ಅವರಿಗೆ ಯಾವಾಗಲೂ ರಿ, ಅವರ ಲೆಕ್ಕ ಬಿಟ್ಟೆ. ಉಳಿದವರಿಗೆ ಅಂದದ್ದೆಲ್ಲ ಹೆಂಡತಿ ಹೇಳಿದಂತೆಯೇ ಬಂತು, ಒಂದೂ ತಪ್ಪಲಿಲ್ಲ. ಅವನು ಸುಳ್ಳಾಡುತ್ತಿದ್ದಾನೆಂದು ಗೊತ್ತಿದ್ದೂ ಎರಡು ವಾರ ಎಲೆ ಬಿಸಾಕಿ ಸೋತೆ. ಆ ಎರಡು ವಾರದ ಸುಖವನ್ನು ಹೇಳಲಾರೆ. ಅವನು ನಗುತ್ತಿದ್ದ, ನಾನು ತಲೆ ತಗ್ಗಿಸಿ ಕುಳಿತು ಒಳಗೊಳಗೇ ಕತ್ತಿ ಮಸೆಯುತ್ತಿದ್ದೆ.

ಎಂಟನೇ ವಾರ ಚಾಚಾನಿಗೆ ಹೇಳಿದೆ. ಅವನು ನೋಟ್‌ಬುಕ್ಕು ಕಣ್ಣಿಗೆ ಹತ್ತಿರ ಹಿಡಿದು ಓದಿ, ಮೆಲ್ಲಗೆ ನಕ್ಕ.

"ಯಪ್ಪಾ, ಇದು ಹಾಲು ಕೊಡೂ ಎಮ್ಮಿ. ವಾರಕ್ಕೊಮ್ಮೆ ಒಂದೊಂದು ಚರಿಗಿ ಕರ್ಕೋ. ಅವಗ ತಿಳಿಯೂದಿಲ್ಲ. ನಿನ್ನ ಮನಿ ನಡೀತೈತಿ. ಒಮ್ಮೆಲೇ ಕೊಯ್ದು ತಿನ್ನಾಕ ಹೋಗಬ್ಯಾಡ."

ಕಸುಬಿನ ಪ್ರಕಾರ ಅವನ ಮಾತು ನೂರಕ್ಕೆ ನೂರು ಸರಿ. ಎಲೆ ಆಡಿ ಬದುಕುವವನು ಮಾಡಬೇಕಾದದ್ದು ಅದನ್ನೇ. ಎದುರಿನವನು ಸಂತೋಷದಿಂದ ವಾರವಾರ ಬಂದು ಸೋಲುವಂತೆ ನೋಡಿಕೊಳ್ಳಬೇಕು, ಅವನ ಜೊತೆ ನಗಬೇಕು, ಅವನು ಲೇ ಅಂದರೆ ಅನ್ನಿಸಿಕೊಳ್ಳಬೇಕು. ಶನಿವಾರವೆಲ್ಲ ಯೋಚಿಸಿದೆ. ಮಧ್ಯಾಹ್ನ ಅಪ್ಪ ಬಿಸಿಲಲ್ಲಿ ನಡೆದು ಬಂದ. ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡು ತಾಟಿನ ಮುಂದೆ ಕುಳಿತ. ಎಮ್ಮೆ ಕೊಯ್ಯುವುದೇ ಸರಿ ಎಂದು ಆಗ ನಿರ್ಧರಿಸಿದೆ.

ಒಂಬತ್ತನೇ ಭಾನುವಾರ ಹನ್ನೆರಡೂವರೆಯ ಹೊತ್ತಿಗೆ ನನಗೆ ಎರಡು ಒಂಬತ್ತು ಬಂದವು. ಮೇಜಿನ ಮೇಲೆ ಮೊದಲು ಬಿದ್ದದ್ದು ಆಟೀನ್ ರಾಣಿ, ಆಟೀನ್ ಏಳು, ಕಳಾವರ್ ಎರಡು. ಉಳಿದವರು ಬಿಟ್ಟರು. ನಾನು ಮತ್ತು ಸಾವಕಾರ ಉಳಿದೆವು. ನಾಲ್ಕನೆಯದು ಇಸ್ಪೀಟ್ ರಾಜ. ಐದನೆಯದು ಆಟೀನ್ ನಾಲ್ಕು. ಈಗ ಕೈಯಲ್ಲಿ ಎರಡು ಆಟೀನ್ ಇದ್ದವನು ಐದೂ ಆಟೀನ್ ಕೂಡಿಸಿ ನನ್ನನ್ನು ಹೊಡೆಯುತ್ತಾನೆ, ಒಂದು ರಾಜ ಇದ್ದವನು ಹೊಡೆಯುತ್ತಾನೆ, ಒಂದು ರಾಣಿ ಇದ್ದವನೂ ಹೊಡೆಯುತ್ತಾನೆ. ನನ್ನ ಒಂಬತ್ತುಗಳು ಸುಳ್ಳುಗಾರನೊಬ್ಬನನ್ನು ಬಿಟ್ಟು ಯಾರನ್ನೂ ಸೋಲಿಸಲಾರವು.

ಸಾವಕಾರ ತನ್ನ ಮುಂದಿದ್ದ ಗುಂಡಿಗಳನ್ನೆಲ್ಲ ಎರಡು ಕೈಯಿಂದ ಮುಂದೆ ತಳ್ಳಿದ. ನಾನು ಬರಬೇಕಾದರೆ ನನ್ನದೆಲ್ಲವನ್ನೂ ಇಡಬೇಕು. ಆ್ಯಪಿನ ವರ್ಷದಲ್ಲಿ ಉಳಿಸಿದ್ದು ಅಷ್ಟೂ ಆ ಗುಂಡಿಗಳಲ್ಲಿತ್ತು. ಅವನ ಮುಖ ನೋಡಲಿಲ್ಲ. ಕಿಟಕಿಯ ಕಡೆ ಕಣ್ಣಿಟ್ಟು ಕಿವಿ ಕೊಟ್ಟು ಕುಳಿತೆ. ಕೆಳಗೆ ಹೆಂಗಸರು ಉಣ್ಣಲು ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಸಾವಕಾರ ಏನೂ ಮಾತಾಡಲಿಲ್ಲ. ಒಂದು ದ್ರಾಕ್ಷಿ ತಿಂದ. ಇನ್ನೊಂದು ತಿಂದ. ನಾನು ಕಾದೆ.

"ನೋಡ್ರಿ," ಎಂದ ಕೊನೆಗೆ, "ಹೆಂಡ್ರು ಮಕ್ಕಳು ಇದ್ದವರು ನೀವು. ನನಗ ಪಾಪ ಯಾಕ ಹಚ್ತೀರಿ? ಬಿಟ್ಟ ಬಿಡ್ರಿ."

ನನ್ನ ಗುಂಡಿಗಳನ್ನು ತಳ್ಳಿ ಎಲೆ ತೆರೆದಿಟ್ಟೆ. ಅವನು ತನ್ನವನ್ನು ತೆರೆಯಲಿಲ್ಲ. ಚಾಚಾ ಕೈಚಾಚಿ ತೆರೆದ. ಒಂದು ಗುಲಾಮ, ಒಂದು ಹತ್ತು, ಆಟೀನ್ ಒಂದೂ ಇಲ್ಲ. ಮೇಜಿನ ರಾಜ ರಾಣಿಯ ಜೊತೆ ಐದು ಎಲೆಯ ಸಾಲು ಕೂಡಲು ಅವನು ಒಂಬತ್ತೋ ಎಕ್ಕವೋ ಬರಲಿ ಎಂದು ಕಾದಿದ್ದ, ನಾಲ್ಕರಲ್ಲಿ ಎರಡು ಒಂಬತ್ತು ನನ್ನ ಕೈಯಲ್ಲೇ ಇದ್ದವು.

ನಾನು ಗುಂಡಿಯ ರಾಶಿಯನ್ನು ಹಾಗೇ ಬಿಟ್ಟು ಎದ್ದು ನಿಂತೆ.

"ಸಾವಕಾರ್ರ, ಈ ರಾಶಿಯೊಳಗ ನಿಮ್ಮದೆಲ್ಲಾ ನೀವ ವಾಪಸ್ ತೊಗೋರಿ. ನನಗ ಒಂದ ಮಾತು ಬೇಕು. ಆರು ವರ್ಷದ ಹಿಂದ ಕೆಳಗ ಒಬ್ಬ ಮುದುಕನ ಬುತ್ತಿಗಂಟ ಬಿಚ್ಚಿಸಿದ್ರಿ. ಅಂವಾ ನಮ್ಮಪ್ಪ. ಕೆಳಗ ಬರ್ರಿ. ಆ ಹೆಂಗಸರ ಮುಂದ, ಅಂವಾ ಕದ್ದಿರಲಿಲ್ಲ ಅಂತ ಹೇಳ್ರಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ರಾಶಿಯನ್ನು ನೋಡಿದ. ಮಾತಿಗೇನು ಕಾಸು ಖರ್ಚೇ ಎಂದು ಅವನ ವ್ಯಾಪಾರಿ ಬುದ್ಧಿ ಹೇಳಿರಬೇಕು. "ನಡೀರಿ," ಎಂದ.

ಎಲ್ಲರೂ ಕೆಳಗೆ ಇಳಿದೆವು. ಹೆಂಗಸರು ಬುತ್ತಿ ಬಿಚ್ಚಿದ್ದರು. ಗುಂಪಿನ ಹಿರಿಯಳು ಅವತ್ತೂ ಅಲ್ಲಿದ್ದವಳು, ಅಪ್ಪನನ್ನು ಅಣ್ಣಾ ಎನ್ನುತ್ತಿದ್ದವಳು. ಸಾವಕಾರ ನಡುವೆ ನಿಂತು ಕೈ ಮುಗಿದ.

"ಕೇಳ್ರಿ ಎಲ್ಲಾರೂ. ಇವರ ತಂದಿಯವರು ಭಾಳ ದೊಡ್ಡ ಮನುಷ್ಯಾರು. ಅವರು ಏನೂ ಕದ್ದಿರಲಿಲ್ಲರಿ. ನನಗ ತಪ್ಪು ತಿಳಿವಳಿಕಿ ಆಗಿತ್ತರಿ. ಮಾಫ್ ಮಾಡ್ರಿ."

ಆರು ವರ್ಷ ನಾನು ಕಾದಿದ್ದ ಮಾತು ಅದೇ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಹಿರಿಯಳ ಕಣ್ಣು ತುಂಬಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನನ್ನ ಕಿವಿ ಈಗ ನನ್ನ ಮಾತು ಕೇಳುತ್ತಿರಲಿಲ್ಲ. ಅದು ಎಣಿಸುತ್ತಿತ್ತು. ಕೇಳ್ರಿ, ಕದ್ದಿರಲಿಲ್ಲರಿ, ಆಗಿತ್ತರಿ, ಮಾಡ್ರಿ.

"ಹಂಗಲ್ಲ," ಎಂದೆ. "ಲೇ ಅಂದು ಹೇಳ್ರಿ."

"ಏನಂದ್ರಿ?"

"ನನಗ ಲೇ ಅನ್ರಿ. ಲೇ ಅಂದು ಹೇಳ್ರಿ."

ಹಿಂದೆ ನಿಂತಿದ್ದ ಚಾಚಾ ಹಣೆ ಹಿಡಿದುಕೊಂಡ. ಗುಟ್ಟು ಹೋಯಿತು, ಇನ್ನು ಆ ಮೇಜಿನಲ್ಲಿ ಕರೆಯಲು ಹಾಲು ಉಳಿಯಲಿಲ್ಲ ಎಂದು ಅವನಿಗೆ ತಿಳಿದಿತ್ತು. ಸಾವಕಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೇಲೆ ಆಡಿದ ಮಾತು, ನನ್ನ ಒಂಬತ್ತುಗಳು, ಈಗ ಕೇಳಿದ್ದು ಎಲ್ಲ ಅವನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡದ್ದು ಮುಖದಲ್ಲೇ ಕಂಡಿತು. ಕತ್ತಿನ ನರ ಉಬ್ಬಿತು.

"ಲೇ ಮಗನ," ಎಂದ. "ನಿಮ್ಮಪ್ಪ ಒಂದು ಕಾಳು ಮುಟ್ಟಿಲ್ಲಲೇ. ನನಗ ಅವತ್ತ ಗೊತ್ತಿತ್ತು. ಪೆಟಗಿ ಬದಲಿ ಮಾಡಿದಾಂವ ನನ್ನ ಅಳಿಯ. ಮನಿ ಅಳಿಯನ ಗಂಟ ಬಿಚ್ಚಿಸಾಕ ಆಕ್ಕೈತೇನಲೇ? ಯಾರದಾರ ಒಬ್ಬರದು ಬಿಚ್ಚಿಸಬೇಕಾಗಿತ್ತು. ಬಿಚ್ಚಿಸಿದೆ. ಆತಿಲ್ಲೋ ಈಗ?"

ಹಿರಿಯಳು ತನ್ನ ಬುತ್ತಿಯ ಅರಿವೆ ಮಡಚಿ ಮಡಿಲಲ್ಲಿ ಇಟ್ಟುಕೊಂಡಳು. ಅವನನ್ನು ಹೊಡೆಯಬೇಕು ಎಂದು ನನಗೆ ಅನ್ನಿಸಿತು, ಕೈ ಏಳಲಿಲ್ಲ. ತಪ್ಪು ತಿಳಿದು ಮಾಡಿದವನ ಮೇಲೆ ಆರು ವರ್ಷ ದ್ವೇಷ ಸಾಕಿದ್ದೆ. ಗೊತ್ತಿದ್ದೇ ಮಾಡಿದ್ದ ಎಂದ ಮೇಲೆ ಅದು ಸಾಲದಾಗಿತ್ತು. ನನ್ನ ಪಾಲಿನ ಗುಂಡಿಗಳನ್ನಷ್ಟೇ ಚಾಚಾ ಆರಿಸಿ ತಂದ.

ವಾರದೊಳಗೆ ಸುದ್ದಿ ವಿಜಯಪುರದ ತನಕ ಮುಟ್ಟಿತು. ಮಾತು ಹಿಡಿದು ಎಲೆ ಓದುವವನನ್ನು ಯಾವ ಮೇಜೂ ಕೂರಿಸಿಕೊಳ್ಳುವುದಿಲ್ಲ. ಈಗ ಚಾಚಾನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತೇನೆ. ಗಿರಾಕಿಗಳಿಗೆ ರಿ ಎನ್ನುವಾಗ ನನ್ನ ಕಿವಿಯೇ ನನ್ನನ್ನು ಹಿಡಿಯುತ್ತದೆ.

ಆ ಭಾನುವಾರ ಬಬಲೇಶ್ವರ ಮುಟ್ಟಿದಾಗ ಅಪ್ಪ ಕಟ್ಟೆಯ ಮೇಲಿದ್ದ. ಹೆಂಡತಿಯ ನಾಲ್ಕನೇ ನಿಯಮ ಮುರಿದು ಎಲ್ಲವನ್ನೂ ಹೇಳಿಬಿಟ್ಟೆ, ಎಲೆ ಆಡಿದ್ದನ್ನೂ ಸೇರಿಸಿ. ಬೈಯುತ್ತಾನೆ ಎಂದುಕೊಂಡಿದ್ದೆ. ಸಾವಕಾರ ಎಲ್ಲರ ಮುಂದೆ ನೀನು ಕದ್ದಿಲ್ಲ ಅಂದ ಎಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ರಿ ಅಂದು ಹೇಳಿದನೋ, ಲೇ ಅಂದು ಹೇಳಿದನೋ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನ ಮುಖ ನೋಡಿದಳು.

"ಲೇ ಅಂದ," ಎಂದೆ.

"ಹಂಗಾರ ಖರೇ ಹೇಳ್ಯಾನ." ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡ. "ಇಪ್ಪತ್ತೆರಡ ವರ್ಷ ನನಗ ಲೇ ಅಂದಾಂವ ಅವತ್ತ 'ಗಂಟ ಬಿಚ್ಚರಿ' ಅಂದಾ. ಅವಾಗ ತಿಳೀತು, ನಾ ಕದ್ದಿಲ್ಲಂತ ಅವಗೂ ಗೊತ್ತೈತಿ ಅಂತ. ಅದಕ್ಕ ಬಂದುಬಿಟ್ಟೆ."

"ನಮಗ ಬಿಡಿಸಿ ಹೇಳಬಾರ್ದಿತ್ತೇನಪ್ಪಾ?"

"ಹೇಳಿದ್ನಲ್ಲಾ. ಮಾತಿನಾಗ ತಿಳೀತು ಅಂದೆ. ಏನ್ ಮಾತು ಅಂತ ಯಾರ ಕೇಳಿದ್ರಿ?"

ಮರುದಿನ ಬೆಳಿಗ್ಗೆ ಹೆಂಡತಿ ಯಾರನ್ನೂ ಕೇಳದೆ ಎರಡು ರೊಟ್ಟಿ, ಚಟ್ನಿಪುಡಿ, ಒಂದು ಉಳ್ಳಾಗಡ್ಡಿ ಇಟ್ಟು ಬುತ್ತಿ ಕಟ್ಟಿ ಬಾಗಿಲ ಬಳಿ ಇಟ್ಟಳು. ಅಪ್ಪ ಚಪ್ಪಲಿ ಮೆಟ್ಟುತ್ತ ಅದನ್ನು ನೋಡಿದ. ದಾಟಿ ಹೊಲಕ್ಕೆ ಹೋದ. ಮಧ್ಯಾಹ್ನ ಬಿಸಿಲಲ್ಲಿ ನಡೆದು ಮನೆಗೆ ಬಂದು, ಆ ಗಂಟನ್ನು ತಾನೇ ಬಿಚ್ಚಿ ಉಂಡ.